ದೀಪ ಇಳಿಸುವ ಸನ್ನೆ

ಯಾರಾದರೂ ತಮಗೆ ಏನೋ ವಿಚಿತ್ರ ಕಂಡಿತು ಎಂದು ಹೇಳಲು ಶುರುಮಾಡಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, "ಆವಾಗ ಲೈಟ್ ಇತ್ತೇನ್ರಿ?" ಎಂಬುದು. ಬಹಳ ಜನರ ಅನುಭವ ಆ ಒಂದು ಪ್ರಶ್ನೆಗೇ ಮುಗಿದುಹೋಗುತ್ತಿತ್ತು. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವೂ ಅದನ್ನೇ ಕೇಳುತ್ತೀರಿ ಎಂದು ಗೊತ್ತಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ಲೈಟಿನ ಮಾತಿರಲಿ, ಬಿಸಿಲೇ ಇತ್ತು. ಸುರಪುರದ ಬಿಸಿಲು. ಬಂಡೆ ಕಾದು, ಬರಿಗಾಲಲ್ಲಿ ಅಂಗಳಕ್ಕೆ ಇಳಿಯಲಾಗದ ಹೊತ್ತು.

ನಮ್ಮೂರು ದೋರನಹಳ್ಳಿ. ನಾನು ಮಾತು ಕಲಿತದ್ದು ಅಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ, ಅಜ್ಜಿ ಮತ್ತು ಅವಳ ಸರೀಕ ಮುದುಕಿಯರ ನಡುವೆ ಕುಳಿತು. ಅವರ ಕಥೆಗಳಲ್ಲಿ ಸತ್ತವರು ಬಂದು ಬಾಗಿಲಲ್ಲಿ ನಿಂತು ನೀರು ಕೇಳುತ್ತಿದ್ದರು. ನಾನು "ಸತ್ತವರಿಗೆ ನೀರಡಿಕಿ ಹ್ಯಾಂಗ ಆಗ್ತದ ಅಜ್ಜಿ?" ಎಂದು ಕೇಳಿ ಕಥೆಯ ರುಚಿ ಕೆಡಿಸುತ್ತಿದ್ದೆ. "ಈ ಭಾಡ್ಯಾಗ ಕಥಿ ಹೇಳಾದು ಒಂದೇ, ಗ್ವಾಡಿಗಿ ಹೇಳಾದು ಒಂದೇ" ಎಂದು ಅವಳು ಬೈಯುತ್ತಿದ್ದಳು. ಕಥೆ ಹೇಳುವ ಚಟ ಅವಳಿಂದ ಬಂತು. ನಂಬುವ ಗುಣ ಬರಲಿಲ್ಲ.

ಮುಂದೆ ಹಿಡಿದ ಕೆಲಸವೂ ಹಾಗೇ ಇತ್ತು. ಶಹಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಮನೆಗಳಿಗೆ ಇಂಟರ್ನೆಟ್ ಪೆಟ್ಟಿಗೆ ಕೂರಿಸುವುದು, ಕ್ಯಾಮೆರಾ ಹಾಕುವುದು, ತಂತಿ ಎಳೆಯುವುದು. ಯಾದಗಿರಿಯಿಂದ ಸುರಪುರದವರೆಗೆ ಬೈಕಿನ ಮೇಲೆ ನನ್ನ ತಿರುಗಾಟ. ಈ ಕೆಲಸದಲ್ಲಿ ಕಾರಣವಿಲ್ಲದೆ ಏನೂ ಕೆಡುವುದಿಲ್ಲ. ಸಿಗ್ನಲ್ ಬರಲಿಲ್ಲವೆಂದರೆ ನಡುವೆ ಗೋಡೆ ಇದೆ, ಇಲ್ಲವೇ ಇಲಿ ತಂತಿ ಕಡಿದಿದೆ, ಅದೂ ಇಲ್ಲವೆಂದರೆ ಮನೆಯವರು ಫ್ರಿಜ್ಜಿನ ಮಗ್ಗುಲಲ್ಲಿ ಪೆಟ್ಟಿಗೆ ಇಟ್ಟಿದ್ದಾರೆ. ಹುಡುಕಿದರೆ ಸಿಗುತ್ತದೆ. ನನಗೆ ಸಿಗದೆ ಉಳಿದದ್ದು ಇದೊಂದೇ.

ಕೆಲವು ವರ್ಷಗಳ ಹಿಂದಿನ ಮಾತು. ಸುರಪುರದಲ್ಲಿ ಗುಡ್ಡದ ಬುಡದ ಒಂದು ಓಣಿಯಲ್ಲಿ ಕುರಿ ಸಾಕುವ ಮನೆತನವೊಂದಿದೆ. ತಾಯಿ ನೀಲಮ್ಮ, ಮಗ ಹಣಮಂತ, ಅವನ ತಂಗಿ ಮಾಳಮ್ಮ, ಮೂರೇ ಜನ. ನೀಲಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತು ಬಾರದು. ಮಕ್ಕಳು ಇಬ್ಬರೂ ಬಾಯಿಮಾತಿಗಿಂತ ಮೊದಲು ಕೈಮಾತು ಕಲಿತವರು. ಮಾಳಮ್ಮ ಅಷ್ಟಕ್ಕೇ ಬಿಡದೆ, ಕಲಬುರ್ಗಿಗೆ ಹೋಗಿ ಸನ್ನೆ ಭಾಷೆಯನ್ನು ಪದ್ಧತಿಯಂತೆ ಓದಿ ಬಂದಿದ್ದಳು. ಅವಳಿಗೆ ಆಗಷ್ಟೇ ಒಂದು ಕೆಲಸ ಸಿಕ್ಕಿತ್ತು. ಎಲ್ಲೋ ಒಂದೂರಿನ ಆಸ್ಪತ್ರೆಗೆ ಕಿವಿ ಕೇಳದವರು ಬಂದರೆ, ಡಾಕ್ಟರು ಹೇಳಿದ್ದನ್ನು ಇವಳು ಮನೆಯಲ್ಲೇ ಕೂತು ವಿಡಿಯೋದಲ್ಲಿ ಸನ್ನೆ ಮಾಡಿ ಅವರಿಗೆ ತಿಳಿಸಬೇಕು. ಅವರು ಸನ್ನೆ ಮಾಡಿದ್ದನ್ನು ಬಾಯಲ್ಲಿ ಡಾಕ್ಟರಿಗೆ ಹೇಳಬೇಕು. ಇಂಥ ಕೆಲಸವೂ ಉಂಟೆಂದು ನನಗೆ ಗೊತ್ತಾದದ್ದೇ ಅವಳಿಂದ.

ಕೆಲಸ ಇನ್ನೂ ಪಕ್ಕಾ ಆಗಿರಲಿಲ್ಲ. ಅಷ್ಟರಲ್ಲಿ ನಡೆಯಬಾರದ್ದೊಂದು ನಡೆದಿತ್ತು. ಆಪರೇಷನ್ನಿಗೆ ಬಂದಿದ್ದ ಒಬ್ಬರಿಗೆ ಡಾಕ್ಟರು "ಬೆಳಗಿನಿಂದ ಏನೂ ತಿನ್ನಬೇಡಿ" ಎಂದದ್ದನ್ನು ಇವಳು ಸನ್ನೆ ಮಾಡುತ್ತಿದ್ದಾಗ ಚಿತ್ರ ನಿಂತುಬಿಟ್ಟಿತು. "ತಿನ್ನು" ಎಂಬ ಕೈ ಹೋಯಿತು, "ಬೇಡ" ಎಂಬ ಕೈ ಹೋಗಲಿಲ್ಲ. ಪುಣ್ಯಕ್ಕೆ ಅಲ್ಲಿದ್ದ ನರ್ಸ್ ನೋಡಿ ತಟ್ಟೆ ತೆಗೆದಿಟ್ಟಳಂತೆ. ಕಚೇರಿಯವರು ಬೈಯಲಿಲ್ಲ. ಶನಿವಾರ ಸಂಜೆ ಒಂದು ಪರೀಕ್ಷೆಯ ಕರೆ ಮಾಡುತ್ತೇವೆ, ಅಷ್ಟರಲ್ಲಿ ಲೈನ್ ಸರಿಯಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು.

ಶನಿವಾರ ಬೆಳಿಗ್ಗೆ ಮಾಳಮ್ಮನ ಫೋನ್ ಬಂತು. "ಅಣ್ಣಾರ, ಇವತ್ತ ಬರ್ರಿ. ನಾಳಿ ಬಂದ್ರ ನೀವು ಬಂದೂ ಉಪಯೋಗಿಲ್ಲ" ಎಂದಳು. ದನಿ ಗಟ್ಟಿಯಾಗಿಯೇ ಇತ್ತು.

ಮನೆಯ ಆಕಾರ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಓಣಿಗೆ ಮುಖ ಮಾಡಿ ಮುಂದಿನ ಮನೆ. ಆಮೇಲೆ ಅಂಗಳ, ಅದರ ಒಂದು ಬದಿಗೆ ಕುರಿದೊಡ್ಡಿ. ಅಂಗಳ ದಾಟಿದರೆ ಹಿಂದೊಂದು ಕೋಣೆ. ಇಂಟರ್ನೆಟ್ಟಿನ ಲೈನ್ ಬರುವುದು ಮುಂದಿನ ಮನೆಗೆ. ಮಾಳಮ್ಮ ಕೂರುವುದು ಹಿಂದಿನ ಕೋಣೆಯಲ್ಲಿ. ಮುಂದೆ ಕೂರುವಂತಿಲ್ಲ, ಪಕ್ಕದಲ್ಲೇ ಹಿಟ್ಟಿನ ಗಿರಣಿ, ಮೇಲಾಗಿ ಹೋಗುವವರು ಬರುವವರು. ಒಬ್ಬರ ರೋಗದ ಮಾತು ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಎಂಬುದು ಆ ಕೆಲಸದ ಕಟ್ಟುನಿಟ್ಟು. ಎರಡೂ ಕಡೆ ಕಲ್ಲಿನ ಗೋಡೆ, ಕೈ ಚಾಚಿದಷ್ಟು ದಪ್ಪ. ವೈಫೈ ಅದನ್ನು ದಾಟುವ ಮಾತಿಲ್ಲ.

ಹೀಗಿರುವ ಮನೆಗೆ ಮೆಶ್ ಹಾಕುತ್ತೇವೆ. ಮುಂದೊಂದು ಪೆಟ್ಟಿಗೆ, ಹಿಂದೊಂದು ಪೆಟ್ಟಿಗೆ, ಎರಡೂ ಸೇರಿ ಒಂದೇ ಮನೆಯ ವೈಫೈ. ಆ ಎರಡು ಪೆಟ್ಟಿಗೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ನಡುವೆ ಒಂದು ತಂತಿ. ಅದಕ್ಕೆ ನಮ್ಮ ಕಸುಬಿನಲ್ಲಿ ಬ್ಯಾಕ್‌ಹಾಲ್ ಎನ್ನುತ್ತಾರೆ. ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ನಡುವಿನ ತಂತಿ ಸೊರಗಿದರೆ ಹಿಂದಿನ ಪೆಟ್ಟಿಗೆ ಉಪವಾಸ. ತಂತಿಯನ್ನು ಮೇಲಿನಿಂದ ಎಳೆದಿದ್ದರೆ ಆಗುತ್ತಿತ್ತಲ್ಲ ಎಂದರೆ, ಸುರಪುರದ ಕೋತಿಗಳನ್ನು ನೀವು ನೋಡಿಲ್ಲ. ಎರಡು ಸಲ ಎಳೆದು, ಎರಡು ಸಲವೂ ಅವು ಜೋಕಾಲಿ ಆಡಿ ಹರಿದು ಹಾಕಿದ್ದವು. ಬೇಸತ್ತ ಹಣಮಂತ ಕೊನೆಗೆ ತಾನೇ ನೆಲ ಅಗೆದು, ಪೈಪಿನಲ್ಲಿ ತಂತಿ ತೂರಿಸಿ ಹೂತಿದ್ದ.

ನಾನು ಹೋದಾಗ ಅವನು ಅಂಗಳದಲ್ಲೇ ನಿಂತಿದ್ದ. "ಬರ್ರಿ ಸರ. ಅಗದಿದ್ದು ನಾನು, ಬೈಸಿಕೊಳ್ಳದು ನಾನು. ಈಕಿ ಬೆಳಗಿನಿಂದ ಕೈಲೇ ಬೈಯಾಕತ್ತಾಳ. ಬಾಯಿಲೆ ಬೈದ್ರ ಕಿವಿ ಮುಚ್ಚಿಕೊಬೋದಿತ್ತು."

"ನಿನ್ನ ಕುರಿಗೆ ಹೇಳಿದ್ರ ಇದಕ್ಕಿಂತ ನೆಟ್ಟಗ ಅಗೀತಿದ್ವು" ಎಂದಳು ಮಾಳಮ್ಮ.

ನೀಲಮ್ಮ ಇಬ್ಬರ ತುಟಿಯನ್ನೂ ನೋಡಿ, ಏನು ನಡೆದಿದೆ ಎಂದು ಊಹಿಸಿ, ಇಬ್ಬರಿಗೂ ಸೇರಿ ಒಂದೇ ಸನ್ನೆಯಲ್ಲಿ ಬೈದು, ನನಗೆ ಚಹಾ ತರಲು ಒಳಗೆ ಹೋದಳು.

ಕೆಲಸ ಶುರುಮಾಡಿದೆ. ಮುಂದಿನ ಪೆಟ್ಟಿಗೆಗೆ ನನ್ನ ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ ಬರಬೇಕಾದ ಸ್ಪೀಡ್ ಪೂರ್ತಿ ಬರುತ್ತಿತ್ತು. ಹಿಂದಿನ ಕೋಣೆಗೆ ಹೋಗಿ ನೋಡಿದರೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅದೂ ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇಲ್ಲ. ಕೆಲವೊಮ್ಮೆ ಹಿಂದಿನ ಪೆಟ್ಟಿಗೆ ತಂತಿ ಬಿಟ್ಟು ಗಾಳಿಯಲ್ಲೇ ಮಾತಾಡಲು ಒದ್ದಾಡುತ್ತಿರುತ್ತದೆ. ಅದನ್ನು ನೋಡಿದೆ, ಇಲ್ಲ, ತಂತಿಯನ್ನೇ ಹಿಡಿದಿತ್ತು. ಹಿಂದಿನ ಪೆಟ್ಟಿಗೆಯನ್ನು ಮುಂದಕ್ಕೆ ತಂದು, ಗೇಣುದ್ದದ ತಂತಿಯಲ್ಲಿ ಎರಡನ್ನೂ ಜೋಡಿಸಿದೆ. ಸ್ಪೀಡ್ ಪೂರ್ತಿ ಬಂತು. ಅಂದರೆ ಪೆಟ್ಟಿಗೆಗಳ ತಪ್ಪಿಲ್ಲ. ಹೂತ ತಂತಿಯ ಎರಡೂ ತುದಿ ಕತ್ತರಿಸಿ ಹೊಸದಾಗಿ ಪಿನ್ನು ಕಟ್ಟಿದೆ. ಮತ್ತೆ ಅದೇ ರಾಗ. ಆ ತಂತಿಯ ಒಳಗೆ ಎಂಟು ಎಳೆ, ಎರಡೆರಡು ಹೆಣೆದು ನಾಲ್ಕು ಜೋಡಿ. ಒಂದು ಜೋಡಿ ಕೈಕೊಟ್ಟರೂ ಉಳಿದವು ಕುಂಟುತ್ತವೆ. ಎಲ್ಲೋ ನಡುವೆ ಒಂದು ಎಳೆ ಹಿಡಿದೂ ಬಿಟ್ಟೂ ಆಡುತ್ತಿದೆ ಎನಿಸಿತು.

ಅದು ಯಾವಾಗ ಬಿಡುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು. ಮಾಳಮ್ಮನಿಗೆ ಹಿಂದಿನ ಕೋಣೆಯಿಂದ ನನ್ನ ಫೋನಿಗೆ ವಿಡಿಯೋ ಕರೆ ಮಾಡಲು ಹೇಳಿ, ನಾನು ಮುಂದಿನ ಮನೆಯಲ್ಲಿ ಕೂತೆ. "ಏನರೆ ಮಾತಾಡ್ತಾ ಇರವ್ವ, ಕೈ ನಿಲ್ಲಸಬ್ಯಾಡ" ಎಂದಿದ್ದೆ. ನೀಲಮ್ಮ ಬಂದು ನನ್ನ ಮಗ್ಗುಲಲ್ಲಿ ಕೂತಳು. ಮಗಳ ಕೈ ಫೋನಿನಲ್ಲಿ ಆಡತೊಡಗಿದ್ದೇ ಇವಳಿಗೆ ನಗು. ನನಗೆ ಸನ್ನೆ ತಿಳಿಯದು. ಆದರೆ ಚಹಾ ಕಪ್ಪು ಎತ್ತುವ ಕೈ, ಮತ್ತೆ ಕಪ್ಪು ಎತ್ತುವ ಕೈ, ಆಮೇಲೆ ಖಾಲಿ ಅಂಗೈ ನೋಡಿದ ಮೇಲೆ ನನ್ನ ಬಗ್ಗೆಯೇ ಹೇಳುತ್ತಿದ್ದಾಳೆ ಎಂದು ತಿಳಿಯಿತು. ಬಂದವರು ಚಹಾ ಕುಡಿದದ್ದೇ ಬಂತು, ಕೆಲಸವೇನೂ ಆಗಿಲ್ಲ ಅಂತ.

ಆಗ ಚಿತ್ರ ಒಡೆಯಿತು. ನೀವು ನೋಡಿರುತ್ತೀರಿ, ಮುಖ ಕರಗಿ ಚೌಕ ಚೌಕ ಆಗುತ್ತದೆ. ಮಾಳಮ್ಮನ ಮುಖ ಹೋಯಿತು, ಹಿಂದಿನ ಗೋಡೆ ಹೋಯಿತು. ಕೈ ಮಾತ್ರ ಉಳಿಯಿತು. ಅದೂ ಆಡುತ್ತಿರಲಿಲ್ಲ, ಒಂದು ಚಿತ್ರ ನಿಂತು, ಬದಲಾಗಿ ಇನ್ನೊಂದು ನಿಂತು, ಹೀಗೆ. ಮೊದಲನೆಯದರಲ್ಲಿ ಎಡಗೈ ಹೆಬ್ಬೆರಳು ತೋರುಬೆರಳು ಕೂಡಿಸಿ ಬಳೆಯ ಹಾಗೆ ದುಂಡಗೆ ಹಿಡಿದಿತ್ತು, ಬಲಗೈಯ ಒಂದು ಬೆರಳು ಅದರ ಮೇಲೆ ನೆಟ್ಟಗೆ ನಿಂತಿತ್ತು. ಎರಡನೆಯದರಲ್ಲಿ ಆ ಬೆರಳು ದುಂಡಿನೊಳಗೆ ಇಳಿದಿತ್ತು. ಮೂರನೆಯದರಲ್ಲಿ ಬೆರಳು ಮಡಚಿಕೊಂಡಿತ್ತು. ಆಮೇಲೆ ಕರೆ ಕಟ್ಟಾಯಿತು.

ನಾನು "ಸಿಕ್ತು ನೋಡು" ಎಂದುಕೊಂಡು ಎದ್ದೆ. ತಂತಿ ಕೈಬಿಟ್ಟ ಗಳಿಗೆ ಸಿಕ್ಕಿತ್ತಲ್ಲ. ನೀಲಮ್ಮ ನನ್ನ ಮೊಣಕೈ ಹಿಡಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಫೋನಿನ ಕಪ್ಪು ಪರದೆಯನ್ನು ಬೆರಳಿನಿಂದ ತಟ್ಟಿದಳು, ನನ್ನ ಮುಖ ನೋಡಿದಳು, ಮತ್ತೆ ತಟ್ಟಿದಳು. ಇನ್ನೂ ನೋಡಬೇಕೆಂಬ ಆಸೆ ಇರಬೇಕು ಎಂದುಕೊಂಡು ತಲೆಯಾಡಿಸಿ ಹೊರಟೆ. ಅಂಗಳದಲ್ಲಿ ಮಾಳಮ್ಮನಿಗೆ ಎದುರಾಗಿ ಅವಳು ಏನೋ ಅವಸರದಲ್ಲಿ ಸನ್ನೆ ಮಾಡಿದಳು. ಮಾಳಮ್ಮ ಪರೀಕ್ಷೆಯ ಗಡಿಬಿಡಿಯಲ್ಲಿ ಅರ್ಧ ನೋಡಿ ತಾನೂ ಕೈಯಾಡಿಸಿದಳು. "ಏನಂತಾರ ಅವ್ವ?" ಎಂದು ಕೇಳಿದೆ. "ಏನೋ ಆಯಿದು ಮಾತ ತಗದಾಳರೀ. ಆಮ್ಯಾಲ ಹೇಳು ಅಂದೀನಿ" ಎಂದಳು. ಆಯಿ ಎಂದರೆ ನೀಲಮ್ಮನ ಅತ್ತೆ, ಈ ಮಕ್ಕಳ ಅಜ್ಜಿ. ತೀರಿಕೊಂಡು ಬಹಳ ಕಾಲವಾಗಿತ್ತು. ಕೇಳುವವರ ಮನೆಯಲ್ಲಿ ಕೇಳದವರಿಗೆ "ಆಮೇಲೆ" ಎಂಬ ಮಾತು ಬಹಳ ಸಲ ಸಿಗುತ್ತದೆ ಎಂದು ಮಾಳಮ್ಮನೇ ಒಮ್ಮೆ ಹೇಳಿದ್ದಳು. ಅವತ್ತು ಅವಳೂ ಅದನ್ನೇ ಕೊಟ್ಟಳು.

ನನ್ನ ಹತ್ತಿರ ಒಂದು ಸಣ್ಣ ಯಂತ್ರ ಇದೆ. ತಂತಿಯ ತುದಿಗೆ ಹಚ್ಚಿದರೆ ಎಳೆ ಎಷ್ಟು ದೂರದಲ್ಲಿ ಕೈಕೊಟ್ಟಿದೆ ಎಂದು ತೋರಿಸುತ್ತದೆ. ಅದು ತೋರಿಸಿದ ದೂರವನ್ನು ಟೇಪು ಹಿಡಿದು ಅಳೆದರೆ ಅಂಗಳದ ನಡುವೆ, ಬೇವಿನ ಗಿಡದಿಂದ ಸ್ವಲ್ಪ ಈಚೆಗೆ ಬಂದು ನಿಂತಿತು. ಹಣಮಂತನನ್ನು ಕೇಳಿದೆ, "ಇಲ್ಲೇ ಯಾಕ ವಾರಿ ಮಾಡಿ ಎಳದಿ? ನೆಟ್ಟಗ ಹೋಗಿದ್ರ ಅರ್ಧಾ ತಂತಿ ಉಳೀತಿತ್ತು."

"ಸರ, ನೀವು ಶಾಪೂರದವ್ರು, ಕರಿ ಮಣ್ಣಾಗ ಗುದ್ದಲಿ ಹಾಕಿದವ್ರು. ಇದು ಸುರಪುರ. ಎಲ್ಲಿ ಹೊಡದ್ರೂ ಬಂಡಿ ಖಣ್ ಅಂತದ. ಇಲ್ಲಿ ಒಂದ ಕಡಿ ಮಣ್ಣು ಬೆಣ್ಣಿ ಇದ್ದಂಗ ಮೆತ್ತಗಿತ್ತರೀ. ದೇವರೇ ಬಿಟ್ಟಾನ ಅಂತ ಅಗದೆ."

ಅವನು ಅಲ್ಲೇ ಮತ್ತೆ ಅಗೆಯತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಪೈಪ್ ಸಿಕ್ಕಿತು, ಒಡೆದಿತ್ತು. ಗುದ್ದಲಿಯ ಇನ್ನೊಂದು ಏಟಿಗೆ ಕೆಳಗಿನ ಮಣ್ಣು ಸರ್ರನೆ ಒಳಕ್ಕೆ ಜಾರಿತು. ಮಣ್ಣು ಜಾರಿದ ಜಾಗದಲ್ಲಿ ಬಿರುಕುಬಿಟ್ಟ ಒಂದು ಹಾಸುಗಲ್ಲು, ಅದರ ಮಗ್ಗುಲಲ್ಲಿ ಒಬ್ಬ ತೆಳ್ಳಗಿನ ಮನುಷ್ಯ ಇಳಿಯುವಷ್ಟು ಕತ್ತಲೆ.

"ಆಯ್ತಪ್ಪಾ, ಹಗೇವು!" ಎಂದು ಹಣಮಂತ ಗುದ್ದಲಿ ಬಿಟ್ಟ. "ಐತಂತ ಆಯಿ ಹೇಳ್ತಿದ್ಲು. ಎಲ್ಲೈತಿ ಅಂತ ಯಾರ ಕೇಳಿದ್ರು?"

ಹಗೇವು ಎಂದರೆ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಚಿಕ್ಕದು, ಒಳಗೆ ಕೊಡದ ಹೊಟ್ಟೆಯ ಹಾಗೆ ಅಗಲ. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಚೀಲ, ಗೋದಾಮು ಬಂದ ಮೇಲೆ ಯಾರಿಗೂ ಬೇಡವಾಯಿತು. ಮೆತ್ತಗಿನ ಮಣ್ಣು ಏಕೆ ಮೆತ್ತಗಿತ್ತು ಎಂದು ಈಗ ತಿಳಿಯಿತು. ಅದು ಹಗೇವಿನ ಬಾಯಿಗೆ ತುಂಬಿದ ಮಣ್ಣು. ಹಣಮಂತ ಅಗೆದಾಗ ನೀಲಮ್ಮ ತಿಂಥಣಿ ಜಾತ್ರೆಗೆ ಹೋಗಿದ್ದಳಂತೆ. ಬರುವಷ್ಟರಲ್ಲಿ ಮಣ್ಣು ಮುಚ್ಚಿ, ಮೇಲೆ ಕುರಿ ಓಡಾಡಿ, ಅಗೆದ ಗುರುತೂ ಉಳಿದಿರಲಿಲ್ಲ. ಹಗೇವು ಎಲ್ಲಿದೆ ಎಂದು ಗೊತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಅವಳನ್ನು ಯಾರೂ ಕೇಳಿರಲಿಲ್ಲ.

ತಂತಿ ಆ ಬಿರುಕಿನಿಂದ ಒಳಗೆ ಜೋತುಬಿದ್ದಿತ್ತು. ಎಳೆದರೆ ಬರಲಿಲ್ಲ. ಕಲ್ಲಿನ ತುಂಡೊಂದು ಒಳಗೆ ಬಿದ್ದು ತಂತಿಯನ್ನು ಅಮುಕಿ ಕೂತಿತ್ತು. ಜೋರಾಗಿ ಎಳೆದರೆ ಹರಿಯುತ್ತದೆ. ಹರಿದರೆ ಹೊಸ ತಂತಿಗೆ ಶಹಾಪುರಕ್ಕೆ ಹೋಗಿ ಬರಬೇಕು, ಅಷ್ಟರಲ್ಲಿ ಸಂಜೆಯ ಕರೆ ಮುಗಿದಿರುತ್ತದೆ. ಮಾಳಮ್ಮ ಪರೀಕ್ಷೆಗೆಂದು ಬೆಳಿಗ್ಗೆಯೇ ಹಾಕಿಕೊಂಡಿದ್ದ ಕಪ್ಪು ಉಡುಪಿನಲ್ಲಿ, ಮುಂಗೈವರೆಗೆ ತೋಳು ಇಳಿಬಿಟ್ಟುಕೊಂಡು ಆ ಬಿಸಿಲಲ್ಲಿ ನಿಂತಿದ್ದಳು. ಕೈ ಎದ್ದು ಕಾಣಬೇಕೆಂದು ಆ ಕೆಲಸದವರು ಹಾಗೆ ತೊಡಬೇಕಂತೆ. ಅವಳು ಸೂರ್ಯ ಎಲ್ಲಿಗೆ ಬಂದಿದ್ದಾನೆ ಎಂದು ಒಮ್ಮೆ ನೋಡಿದಳು. ಅಷ್ಟೇ.

"ನಾ ಇಳೀತೀನಿ" ಎಂದೆ. ಹಣಮಂತನ ಮೈಗೆ ಆ ಬಾಯಿ ಸಾಲುತ್ತಿರಲಿಲ್ಲ. ನಾನು ಆಗ ಈಗಿನದಕ್ಕಿಂತ ತೆಳ್ಳಗಿದ್ದೆ. ಆಳವೇನೂ ಹೆಚ್ಚಿರಲಿಲ್ಲ, ಒಂದೂವರೆ ಆಳು ಇರಬಹುದು. ಇಳಿದು, ಕಲ್ಲು ಎತ್ತಿ, ತಂತಿ ಬಿಡಿಸಿ ಬರುವುದು ಎಷ್ಟರ ಕೆಲಸ? ಹಣಮಂತ ಹಗ್ಗ ತಂದ. "ಒಳಗ ಜ್ವಾಳ ಇದ್ರ ಒಂದ ಹಿಡಿ ತರ್ರಿ ಸರ, ಆಯಿ ಕಾಲದ್ದು" ಎಂದು ನಕ್ಕ. ನಾನು ಬಾಯಿಯ ಅಂಚಿಗೆ ಕೂತು ಎರಡೂ ಕಾಲು ಒಳಗೆ ಬಿಟ್ಟೆ. ಒಳಗಿನ ತಂಪು ಪಾದಕ್ಕೆ ತಾಗಿತು. ಆ ಬಿಸಿಲಲ್ಲಿ ಅದು ಹಿತವಾಗಿಯೇ ಇತ್ತು ಎಂಬುದನ್ನೂ ಹೇಳಬೇಕು.

ಹಿಂದಿನಿಂದ ಯಾರೋ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದರು. ನಾನು ಅಂಗಾತ ಬಿದ್ದೆ. ನೀಲಮ್ಮ. ಕುರಿದೊಡ್ಡಿಯಲ್ಲಿದ್ದವಳು ಓಡಿಬಂದಿದ್ದಳು, ಎದೆ ಏರಿಳಿಯುತ್ತಿತ್ತು. ಹಣಮಂತ ಅವಳನ್ನು ಬಿಡಿಸಲು ಹೋದರೆ ಅವನಿಗೂ ಒಂದು ಏಟು ಬಿತ್ತು. ಆಮೇಲೆ ಅವಳು ನನ್ನ ಮುಖದ ಎದುರಿಗೆ ಕೈ ಎತ್ತಿದಳು. ಎಡಗೈ ಬಳೆಯಂತೆ ದುಂಡಗೆ. ಅದರ ಮೇಲೆ ಬಲಗೈಯ ಒಂದು ಬೆರಳು. ಬೆರಳು ದುಂಡಿನೊಳಗೆ ಇಳಿಯಿತು. ಮಡಚಿತು.

ಬೆಳಿಗ್ಗೆ ಫೋನಿನಲ್ಲಿ ಕಂಡದ್ದು ಇದೇ. ಬೆರಳು ಮಡಚುವ ರೀತಿ ಸಹ ಇದೇ.

"ಮಾಳಮ್ಮ, ಇದು ಏನವ್ವ? ಮುಂಜಾನಿ ನೀ ಮಾಡಿದ್ದು ಇದೇ ಅಲ್ಲ?"

"ನಾನಾ? ನಾ ಹಂಗ ಮಾಡೇ ಇಲ್ರಿ. ಇದು ನಮ್ಮ ಭಾಷಾದಾಗ ಇಲ್ಲ" ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು, ಈ ಸಲ ಪೂರ್ತಿ ನೋಡಿದಳು. ನೋಡುತ್ತಾ ಅವಳ ಮುಖ ಬಿಳಿಚಿತು. "ದೀಪ ಇಳಸು ಅಂತಾಳರೀ. ಮೊದಲ ದೀಪ ಇಳಸು. ದೀಪ ಆರಿದ್ರ ಮನಷ್ಯಾ ಇಳೀಬಾರದು."

ನೀಲಮ್ಮ ಯಾರಿಗೂ ಕಾಯಲಿಲ್ಲ. ತಾನೇ ಹಣತೆ ಹಚ್ಚಿ ತಂದು, ಒಂದು ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಗೆ ದಾರ ಕಟ್ಟಿ ಹಗೇವಿನ ಬಾಯಲ್ಲಿ ಇಳಿಬಿಟ್ಟಳು. ದೀಪ ನೆಟ್ಟಗೆ ಉರಿಯುತ್ತ ಇಳಿಯಿತು. ಎದೆಮಟ್ಟ ಇಳಿದಿರಬೇಕು, ಯಾರೋ ಎರಡು ಬೆರಳಲ್ಲಿ ಚಿವುಟಿದಂತೆ ಆರಿತು. ಗಾಳಿ ಇರಲಿಲ್ಲ. ಎಳೆದು, ಮತ್ತೆ ಹಚ್ಚಿ, ಮತ್ತೆ ಬಿಟ್ಟಳು. ಅಲ್ಲಿಗೇ ಆರಿತು. ಬಹಳ ಕಾಲ ಮುಚ್ಚಿದ ಹಗೇವಿನಲ್ಲಿ ಕಾಳು ಕೊಳೆತು ಕೆಟ್ಟ ಗಾಳಿ ನಿಂತಿರುತ್ತದೆ. ಇಳಿದವರು ಮೇಲಿನವರನ್ನು ಕೂಗುವ ಮೊದಲೇ ಕುಸಿಯುತ್ತಾರೆ. ಇದನ್ನು ನನಗೆ ಆಮೇಲೆ ಹತ್ತು ಜನ ಹೇಳಿದರು. ನಾನು ದೋರನಹಳ್ಳಿಯ ಕಟ್ಟೆಯ ಮೇಲೆ ಕೂತು ನೂರು ಕಥೆ ಕೇಳಿದವನು, ಇದೊಂದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ಹಣಮಂತ ಹಗ್ಗ ಸುತ್ತಿ ಬದಿಗಿಟ್ಟ. "ಜ್ವಾಳ ಬ್ಯಾಡ ಬಿಡ್ರಿ ಸರ" ಎಂದ.

ಮುಂದಿನದು ಬೇಗ ಹೇಳುತ್ತೇನೆ. ಆಡಿಗೆ ಸೊಪ್ಪು ಎಳೆಯುವ ಉದ್ದನೆಯ ಕೊಕ್ಕೆಗೋಲು ಆ ಮನೆಯಲ್ಲಿತ್ತು. ಅದನ್ನು ಮೇಲಿನಿಂದಲೇ ಬಿಟ್ಟು ಹಣಮಂತ ಕಲ್ಲನ್ನು ಮೆಲ್ಲಗೆ ಹೊರಳಿಸಿದ. ತಂತಿ ಸಡಿಲಾಯಿತು, ಎಳೆದುಕೊಂಡೆವು. ಹಗೇವಿನ ಬಾಯಿಗೆ ಬೇರೆ ಹಾಸುಗಲ್ಲು ಎಳೆದೆವು. ತಂತಿಯನ್ನು ಹಾಗೇ ನೆಲದ ಮೇಲೆ ಹಾಸಿ, ಕುರಿ ತುಳಿಯದಂತೆ ಮೇಲೆ ಹಂಚು ಬೋರಲು ಹಾಕಿದೆವು. ನಾನು ಅದನ್ನು ನಡುವೆ ಎಲ್ಲೂ ಕತ್ತರಿಸಲಿಲ್ಲ, ಜೋಡಿಸಲಿಲ್ಲ. ಯಂತ್ರ ಹಚ್ಚಿದರೆ ಎಂಟೂ ಎಳೆ ಸರಿ ಎಂದು ತೋರಿಸಿತು. ಹಿಂದಿನ ಕೋಣೆಯಲ್ಲಿ ಸ್ಪೀಡ್ ಮುಂದಿನಷ್ಟೇ ಬಂತು.

ಸಂಜೆಯ ಕರೆ ಬಂದಾಗ ಕೋಣೆಯ ಬಾಗಿಲು ಹಾಕಿತ್ತು. ನಾವು ಮೂವರೂ ಅಂಗಳದಲ್ಲಿ ಕೂತಿದ್ದೆವು. ಹಣಮಂತ ಒಂದು ಮರಿ ಅರಚಿದ್ದಕ್ಕೆ ಅದರ ಬಾಯಿ ಮುಚ್ಚಿ ಹಿಡಿದುಕೊಂಡಿದ್ದ. ಬಾಗಿಲು ತೆಗೆದ ಮಾಳಮ್ಮ ತಾಯಿಯ ಕಡೆ ನೋಡಿ ಒಂದು ಕೈ ಎತ್ತಿದಳು. ಏನು ಎಂದು ನಾನು ಕೇಳಬೇಕಾಗಲಿಲ್ಲ; ನೀಲಮ್ಮ ಆಗಲೇ ಅಳುತ್ತಿದ್ದಳು. ಮಾಳಮ್ಮ ಈಗಲೂ ಅದೇ ಕೆಲಸದಲ್ಲಿದ್ದಾಳೆ.

ಆಮೇಲೆ ಕೂತು ಮಾತಾಡಿದೆವು. ನೀಲಮ್ಮ ಸನ್ನೆ ಮಾಡಿದಳು, ಮಾಳಮ್ಮ ನಮಗೆ ಹೇಳಿದಳು. ನೀಲಮ್ಮ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಯಾರಿಗೂ ಕೈಮಾತು ಬಾರದು. ಅತ್ತೆಯೊಬ್ಬಳು ಕಲಿತಳು. ಕಲಿಸಲು ಯಾರಿದ್ದರು? ಅತ್ತೆ ಸೊಸೆ ಇಬ್ಬರೇ ಕೂತು ಒಂದೊಂದಕ್ಕೆ ಒಂದೊಂದು ಗುರುತು ಕಟ್ಟಿಕೊಂಡರು. ರೊಟ್ಟಿಗೆ, ಮಳೆಗೆ, ಮುನಿಸಿಗೆ. ಹಗೇವು ತೆಗೆಯುವ ದಿನಕ್ಕೆಂದು ಕಟ್ಟಿದ್ದು ಈ ದೀಪ ಇಳಿಸುವ ಗುರುತು. ಮೇಲೆ ಹಗ್ಗ ಹಿಡಿದ ಸೊಸೆಗೆ ಕೂಗಿದರೆ ಕೇಳುವುದಿಲ್ಲವಲ್ಲ. ಮಕ್ಕಳು ಹುಟ್ಟುವ ಮೊದಲೇ ಹಗೇವು ಮುಚ್ಚಿದ್ದರು. ಅದರೊಂದಿಗೆ ಆ ಗುರುತಿನ ಕೆಲಸವೂ ಮುಗಿದಿತ್ತು. ಅದನ್ನು ಬಲ್ಲವರು ಲೋಕದಲ್ಲಿ ಇಬ್ಬರೇ. ಒಬ್ಬಳು ತೀರಿಹೋಗಿದ್ದಳು. ಇನ್ನೊಬ್ಬಳು ಆ ಗಳಿಗೆಯಲ್ಲಿ ನನ್ನ ಮಗ್ಗುಲಲ್ಲಿ ಕೂತು ನನ್ನ ಫೋನನ್ನೇ ನೋಡುತ್ತಿದ್ದಳು.

ಕಾರಣ ಹುಡುಕುವವನು ನಾನು, ಹುಡುಕಿದೆ. ಆ ತಂತಿಯನ್ನು ಮುಂದಿನ ವಾರ ಬದಲಿಸಿ, ಗೋಡೆಯ ಮೇಲೆ ಕಬ್ಬಿಣದ ಪೈಪಿನಲ್ಲಿ ಹೊಸದು ಹಾಕಿದೆ. ಹಳೆಯದನ್ನು ಅಂಗಡಿಗೆ ತಂದು ಉದ್ದಕ್ಕೂ ಪರೀಕ್ಷಿಸಿದೆ. ಎಲ್ಲೂ ಒಂದು ಗೀರೂ ಇರಲಿಲ್ಲ. ಕಲ್ಲಿನ ಭಾರಕ್ಕೆ ಎಳೆ ಬಿಗಿದು ಬಿಡುತ್ತಿತ್ತು, ಸಡಿಲಾದಾಗ ಕೂಡಿಕೊಂಡಿತು ಎನ್ನಬಹುದು. ಹಾಗೆ ಆಗುವುದುಂಟು. ಚಿತ್ರ ಒಡೆದಾಗ ಹಳೆಯ ತುಂಡು ಹೊಸ ತುಂಡು ಕಲಸಿ ಇಲ್ಲದ ಆಕಾರ ಕಾಣುವುದೂ ಉಂಟು. ಮಾಳಮ್ಮ ಕೂಸಾಗಿದ್ದಾಗ ಆ ಗುರುತನ್ನು ಎಲ್ಲೋ ನೋಡಿ, ತನಗೆ ಅರಿವಿಲ್ಲದೆ ಮಾಡಿರಬಹುದು ಎಂದೂ ಯೋಚಿಸಿದೆ. ಇಷ್ಟನ್ನೆಲ್ಲ ಜೋಡಿಸಿ ಒಂದು ಉತ್ತರ ಕಟ್ಟಿಕೊಂಡು ಇನ್ನೇನು ನೆಮ್ಮದಿಯಾಗಬೇಕು, ಆಗ ಆ ಕಪ್ಪು ಉಡುಪು ನೆನಪಾಗುತ್ತದೆ. ಮಾಳಮ್ಮನ ತೋಳು ಮುಂಗೈವರೆಗೆ ಮುಚ್ಚಿತ್ತು. ನಾನು ಫೋನಿನಲ್ಲಿ ಕಂಡ ಕೈ ಮೊಣಕೈವರೆಗೆ ಬರಿದಾಗಿತ್ತು.

ಇದನ್ನು ಅವರಿಗೆ ಹೇಳಲೋ ಬೇಡವೋ ಎಂದು ಬಹಳ ದಿನ ಹೇಳಿರಲಿಲ್ಲ. ಒಮ್ಮೆ ಸುರಪುರಕ್ಕೆ ಬೇರೆ ಕೆಲಸಕ್ಕೆ ಹೋದವನು ಆ ಮನೆಗೆ ಹೊಕ್ಕು, ಚಹಾ ಕುಡಿಯುತ್ತ ಮಾಳಮ್ಮನಿಗೆ ಹೇಳಿದೆ. "ಅವ್ವನ್ನ ಕೇಳವ್ವ. ಅವತ್ತ ಫೋನಿನ್ಯಾಗ ಕಂಡದ್ದು ಯಾರ ಕೈ ಅಂತ ಅವರಿಗೆ ಅನಸ್ತದ?"

ಮಾಳಮ್ಮ ಕೇಳಿದಳು. ನೀಲಮ್ಮ ನನ್ನನ್ನು ನೋಡಿದಳು. ಗೊತ್ತಿದ್ದೂ ಕೇಳುವವನನ್ನು ನೋಡುವ ಹಾಗೆ ನೋಡಿದಳು. ಆಮೇಲೆ ತಾನೇ ಏನೋ ಕೇಳಿದಳು. ಮಾಳಮ್ಮ ತಾಯಿಯ ಕೈಯನ್ನೇ ನೋಡುತ್ತ ಕೂತಳು.

"ಏನಂತಾರ?" ಎಂದೆ.

"ಮುಂದ ಆಯಿ ಏನಂದ್ಲು ಅಂತ ಕೇಳಾಕತ್ತಾಳರೀ. ನಡುವ ಚಿತ್ರ ಒಡೀತಂತ. ಆಕಿಗಿ ಅಷ್ಟೇ ಕಾಣಸ್ತಂತ. ನಿಮಗ ಮುಂದಿಂದು ಕಂಡಿದ್ರ ಹೇಳ್ರಿ ಅಂತಾಳ."

ಒಡೆದ ಚಿತ್ರ ಸರಿಮಾಡುವುದು ನನ್ನ ಕಸುಬು. ಆ ಮನೆಯಲ್ಲಿ ಅದನ್ನು ಚೆನ್ನಾಗಿಯೇ ಮಾಡಿದ್ದೇನೆ. ಅಂದಿನಿಂದ ಇಂದಿನವರೆಗೆ ಅಲ್ಲಿ ಚಿತ್ರ ಒಮ್ಮೆಯೂ ನಿಂತಿಲ್ಲ. ನೀಲಮ್ಮನಿಗೆ ನಾನು ತಲೆಯಲ್ಲಾಡಿಸಿ, ಕಂಡಿಲ್ಲ ಎಂದು ಹೇಳಿದೆ. ಅವಳು ನನ್ನ ಕೈಯಿಂದ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು.